ಮಾಫಿಯಾದ ಮಹರ್, ಬಿಟ್ಟುಕೊಟ್ಟ ಪಾಲು

ಕಳೆದ ತಿಂಗಳ ಶಿವಾನುಭವ ಗೋಷ್ಠಿ ಮುಗಿದು ಎಲ್ಲರೂ ಪ್ರಸಾದಕ್ಕೆ ಏಳುವ ಹೊತ್ತಿಗೆ ಹಿರಿಯರೊಬ್ಬರು ಎದ್ದುನಿಂತು ಕೇಳಿದರು: "ಹೆಣ್ಣುಮಕ್ಕಳ ಸಮಾನತೆ ಅಂತ ಯಾವಾಗಲೂ ನಮಗ ಹೇಳ್ತೀರಲ್ರಿ, ಮುಸಲ್ಮಾನರ ಮನಿ ಹೆಣ್ಣುಮಕ್ಕಳ ಗತಿ ನೋಡೀರೇನು? ಅವರ ಧರ್ಮದಾಗ ಹೆಣ್ಣಿಗೆ ಹಕ್ಕು ಅನ್ನೂದ ಇಲ್ಲ." ಹಲವರು ತಲೆಯಾಡಿಸಿದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ತಾಯಿಯೊಬ್ಬರು ಮಾತ್ರ ಮೆಲ್ಲಗೆ ಹೀಗೆಂದರು: "ನಮ್ಮ ಬಾಜೂ ಮನಿ ಬೂಬವ್ವಗ ಲಗ್ನದಾಗ ಬರದುಕೊಟ್ಟ ರೊಕ್ಕ ಇನ್ನೂ ಕೈಗೆ ಬಂದಿಲ್ರಿ. ನನಗ ತವರುಮನಿ ಹೊಲದಾಗ ಪಾಲು ಬಂದಿಲ್ಲ. ಇಬ್ಬರೂ ಒಂದ ದಾರಿ ಮ್ಯಾಲ ನಿಂತೀವಿ."

ಈ ಸಂಪಾದಕೀಯಕ್ಕೆ ಆ ಎರಡು ಮಾತುಗಳೇ ಕಾರಣ. ಹಿರಿಯರ ಮಾತು ತಿಳಿಯದೆ ಆಡಿದ್ದು. ತಾಯಿಯ ಮಾತು ಬದುಕಿನಿಂದ ಬಂದದ್ದು. ಅನ್ಯಧರ್ಮದ ಬಗ್ಗೆ ಮಾತನಾಡುವಾಗ ಅರಿತು ಮಾತನಾಡಬೇಕು ಎಂಬುದು ನಮ್ಮ ಪತ್ರಿಕೆ ಮೊದಲಿನಿಂದಲೂ ಪಾಲಿಸಿಕೊಂಡು ಬಂದ ನಿಯಮ. ಆದ್ದರಿಂದ ಇಸ್ಲಾಂ ಧರ್ಮ ಹೆಣ್ಣಿಗೆ ಏನು ಕೊಟ್ಟಿದೆ, ಕೊಟ್ಟದ್ದು ಎಲ್ಲಿ ನಿಂತುಹೋಯಿತು, ಅದನ್ನು ತಡೆದವರು ಯಾರು, ಬಿಡಿಸಿಕೊಂಡವರು ಯಾರು ಎಂಬುದನ್ನು ಈ ಸಲ ನೇರವಾಗಿ ನೋಡೋಣ.

ಕುರಾನಿನ ನಾಲ್ಕನೆಯ ಅಧ್ಯಾಯದ ಹೆಸರೇ 'ನಿಸಾ', ಅಂದರೆ ಸ್ತ್ರೀಯರು. ಏಳನೆಯ ಶತಮಾನದ ಅರಬ್ ನಾಡಿನಲ್ಲಿ ಹೆಣ್ಣು ಕೂಸನ್ನು ಮಣ್ಣಿನಲ್ಲಿ ಹೂಳುವ ಪದ್ಧತಿ ಇತ್ತು. ಗಂಡ ಸತ್ತರೆ ಅವನ ಒಂಟೆ, ಡೇರೆಗಳ ಜೊತೆಗೆ ಹೆಂಡತಿಯೂ ವಾರಸುದಾರರ ವಶವಾಗುತ್ತಿದ್ದಳು. ಈ ಎರಡನ್ನೂ ಕುರಾನ್ ಖಂಡಿಸಿತು. ತಂದೆತಾಯಿ ಮತ್ತು ಹತ್ತಿರದ ಬಂಧುಗಳು ಬಿಟ್ಟುಹೋದ ಆಸ್ತಿ ಸಣ್ಣದಿರಲಿ ದೊಡ್ಡದಿರಲಿ, ಅದರಲ್ಲಿ ಗಂಡಿಗೆ ಪಾಲಿರುವಂತೆ ಹೆಣ್ಣಿಗೂ ನಿಶ್ಚಿತ ಪಾಲಿದೆ ಎಂದು ವಿಧಿಸಿತು. ಮಗಳು, ತಾಯಿ, ಹೆಂಡತಿ, ಸಹೋದರಿ ಒಬ್ಬೊಬ್ಬರಿಗೂ ಇಂತಿಷ್ಟು ಎಂಬ ಲೆಕ್ಕ ಅಲ್ಲಿದೆ. ಮಕ್ಕಳಿದ್ದರೆ ಹೆಂಡತಿಗೆ ಎಂಟನೆಯ ಒಂದು ಭಾಗ, ಇಲ್ಲದಿದ್ದರೆ ನಾಲ್ಕನೆಯ ಒಂದು ಭಾಗ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಒಬ್ಬಳೇ ಮಗಳಿದ್ದರೆ ಅರ್ಧ. ಅಣ್ಣತಮ್ಮಂದಿರಿದ್ದರೆ ಅವರ ಪಾಲಿನ ಅರ್ಧದಷ್ಟು. ಇನ್ನೊಂದು ಮಾತನ್ನು ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕು. ಮುಸ್ಲಿಂ ತಂದೆ ತನ್ನ ಆಸ್ತಿಯ ಮೂರನೆಯ ಒಂದು ಭಾಗವನ್ನು ಮಾತ್ರ ಉಯಿಲಿನ ಮೂಲಕ ಹೊರಗಿನವರಿಗೆ ಬರೆಯಬಹುದು. ಇಡೀ ಆಸ್ತಿಯನ್ನು ಗಂಡುಮಕ್ಕಳ ಹೆಸರಿಗೆ ಉಯಿಲು ಬರೆದು ಮಗಳ ಕೈ ಖಾಲಿ ಮಾಡಲು ಅವನಿಗೆ ಬರುವುದಿಲ್ಲ. ನಮ್ಮವರಿಗೆ ಅನ್ವಯಿಸುವ ಕಾನೂನಿನಲ್ಲಿ ಸ್ವಯಾರ್ಜಿತ ಆಸ್ತಿಯ ಮಟ್ಟಿಗೆ ತಂದೆಗೆ ಅಂಥ ತಡೆಯಿಲ್ಲ.

ಮದುವೆಯ ವಿಷಯವೂ ಹೀಗೆಯೇ. ನಿಕಾಹ್ ಒಂದು ಒಪ್ಪಂದ. ಹೆಣ್ಣಿನ ಒಪ್ಪಿಗೆ ಕೇಳಬೇಕು. ಗಂಡಾದವನು ಹೆಂಡತಿಗೆ ಮಹರ್ ಕೊಡಬೇಕು. ಇದು ಹೆಣ್ಣಿನ ತಂದೆ ಕೊಡುವ ವರದಕ್ಷಿಣೆಯಲ್ಲ, ಹೆಣ್ಣಿಗೇ ಸಲ್ಲುವ ಧನ. ಕೊಡದೆ ಉಳಿದರೆ ಅದು ಗಂಡನ ಮೇಲಿನ ಸಾಲ. ಅವನು ಸತ್ತರೂ ಆಸ್ತಿ ಹಂಚುವ ಮೊದಲು ಆ ಸಾಲ ತೀರಬೇಕು. ಹೆಂಡತಿಯ ಗಳಿಕೆ, ತವರಿನಿಂದ ಬಂದ ಆಸ್ತಿ ಅವಳದೇ, ಅದರ ಮೇಲೆ ಗಂಡನಿಗೆ ಅಧಿಕಾರವಿಲ್ಲ. ಇಂಗ್ಲೆಂಡಿನಂಥ ದೇಶದಲ್ಲಿ ಮದುವೆಯಾದ ಹೆಣ್ಣು ತನ್ನ ಹೆಸರಿನಲ್ಲಿ ಆಸ್ತಿ ಹೊಂದಲು 1882ರ ಕಾಯ್ದೆಯವರೆಗೆ ಕಾಯಬೇಕಾಯಿತು ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಪ್ರವಾದಿ ಮುಹಮ್ಮದರ ಮೊದಲ ಪತ್ನಿ ಖದೀಜಾ ಸ್ವಂತ ವ್ಯಾಪಾರ ನಡೆಸುತ್ತಿದ್ದವರು. ಮುಹಮ್ಮದರು ಆಕೆಯ ವ್ಯಾಪಾರದ ಕೆಲಸಕ್ಕಾಗಿ ಪ್ರಯಾಣ ಮಾಡಿದವರು, ಮದುವೆಯ ಪ್ರಸ್ತಾಪ ಬಂದದ್ದೂ ಆಕೆಯ ಕಡೆಯಿಂದಲೇ. ಪ್ರವಾದಿಯವರ ಮಾತು ನಡೆಗಳನ್ನು ಮುಂದಿನವರಿಗೆ ತಿಳಿಸಿದವರಲ್ಲಿ ಆಯಿಷಾ ಅವರ ಹೆಸರು ಮುಂಚೂಣಿಯಲ್ಲಿದೆ. ಆಕೆಯಿಂದ ಬಂದ ಹದೀಸ್‌ಗಳು ಎರಡು ಸಾವಿರಕ್ಕೂ ಮಿಕ್ಕಿವೆ. ಅಂದರೆ ಧರ್ಮದ ಅರಿವನ್ನೇ ಹೆಣ್ಣಿನ ಬಾಯಿಂದ ಕೇಳಿ ಕಲಿತ ಪರಂಪರೆ ಅದು.

ಇಷ್ಟು ಹೇಳಿ ಮುಗಿಸಿದರೆ ಅರ್ಧ ಸತ್ಯವಾಗುತ್ತದೆ. ಮಗಳಿಗೆ ಮಗನ ಅರ್ಧ ಪಾಲು ಎಂಬುದು ಸಮಾನತೆಯಲ್ಲ. ಸಂಸಾರದ ಖರ್ಚಿನ ಹೊಣೆ ಗಂಡಸಿನದು, ಆದ್ದರಿಂದ ಅವನಿಗೆ ಹೆಚ್ಚು ಎಂಬ ಸಮಾಧಾನವನ್ನು ವಿದ್ವಾಂಸರು ಕೊಡುತ್ತಾರೆ. ಹೆಣ್ಣೂ ದುಡಿದು ಮನೆ ಸಾಗಿಸುವ ಕಾಲದಲ್ಲಿ ಆ ಸಮಾಧಾನ ಸಾಲದು ಎಂದು ಮುಸ್ಲಿಂ ಮಹಿಳೆಯರೇ ಹೇಳುತ್ತಿದ್ದಾರೆ. ಗಂಡನಿಗೆ ಹೆಂಡತಿಯ ಮೇಲೆ ಯಜಮಾನಿಕೆ ಕೊಡುವಂತೆ ಓದಲಾಗುವ ಆಯತ್ ಇದೆ. ನಾಲ್ಕು ಮದುವೆಯವರೆಗಿನ ಅನುಮತಿ ಇದೆ. ಆದರೆ ಆ ಅನುಮತಿಗೆ ಎಲ್ಲರನ್ನೂ ಸಮನಾಗಿ ನೋಡಬೇಕೆಂಬ ಷರತ್ತು ಇದೆ. ಎಷ್ಟು ಬಯಸಿದರೂ ಹಾಗೆ ಸಮನಾಗಿ ನೋಡಲು ನಿಮ್ಮಿಂದಾಗದು ಎಂಬ ಎಚ್ಚರಿಕೆಯೂ ಅದೇ ಅಧ್ಯಾಯದಲ್ಲಿದೆ. ಅನುಮತಿಯನ್ನು ಹಿಡಿದುಕೊಂಡವರು ಹಲವರು, ಎಚ್ಚರಿಕೆಯನ್ನು ಕೇಳಿಸಿಕೊಂಡವರು ಕೆಲವರು. ಇದು ಯಾವ ಧರ್ಮದಲ್ಲಿ ನಡೆದಿಲ್ಲ ಹೇಳಿ?

ಕೊಟ್ಟ ಹಕ್ಕು ಹೇಗೆ ನಿಂತುಹೋಯಿತು ಎಂಬುದಕ್ಕೆ ಮಹರ್‌ನ ಕಥೆಯೇ ಸಾಕು. ನಿಕಾಹ್‌ನಾಮೆಯಲ್ಲಿ ಮೊತ್ತ ಬರೆಯುತ್ತಾರೆ. ಅನೇಕ ಕಡೆ ಅದು ಕಾಗದದಲ್ಲೇ ಉಳಿಯುತ್ತದೆ. ಮದುವೆಯ ಮೊದಲ ರಾತ್ರಿಯೇ ಮಾಫಿ ಮಾಡೆಂದು ಹೊಸ ಹೆಂಡತಿಯನ್ನು ಕೇಳುವವರಿದ್ದಾರೆ. ಅದೂ ಆಗದಿದ್ದರೆ ಗಂಡನ ಶವವನ್ನು ಎತ್ತುವ ಮೊದಲು ಬಂಧುಗಳು ವಿಧವೆಯ ಬಳಿ ಬಂದು, "ಮಹರ್ ಮಾಫಿ ಮಾಡಿದೆ ಅನ್ನವ್ವಾ, ಅವನ ಆತ್ಮಕ್ಕೆ ಶಾಂತಿ ಸಿಗಲಿ" ಎನ್ನುತ್ತಾರೆ. ಅಳುತ್ತಿರುವ ಹೆಣ್ಣುಮಗಳು ಇನ್ನೇನು ಹೇಳಿಯಾಳು? ಧರ್ಮಗ್ರಂಥ ಸಾಲವೆಂದು ಕರೆದದ್ದನ್ನು ಸಂಪ್ರದಾಯ ದಾನವಾಗಿ ಬದಲಿಸಿತು. ಅತ್ತ ಗ್ರಂಥದಲ್ಲಿ ಇಲ್ಲದ ವರದಕ್ಷಿಣೆ ನಮ್ಮಂಥವರ ಮನೆಗಳಿಂದ ಅವರ ಮನೆಗಳಿಗೂ ನಡೆದುಹೋಯಿತು. ಒಳ್ಳೆಯದನ್ನು ಕೊಟ್ಟು ಪಡೆಯಬೇಕಾದ ನೆರೆಹೊರೆಯವರು ನಾವು, ಕೆಟ್ಟದ್ದನ್ನು ಕಲಿಸಿದೆವು.

ತಲಾಖ್‌ನ ಗತಿಯೂ ಇದೇ. ಕುರಾನ್ ಹೇಳುವ ದಾರಿ ಉದ್ದನೆಯದು. ಎರಡೂ ಮನೆತನಗಳಿಂದ ಒಬ್ಬೊಬ್ಬ ಮಧ್ಯಸ್ಥರು ಕುಳಿತು ರಾಜಿಗೆ ಯತ್ನಿಸಬೇಕು, ತಲಾಖ್ ಹೇಳಿದ ಮೇಲೂ ಕಾಯುವ ಅವಧಿ ಇದೆ, ಆ ಅವಧಿಯಲ್ಲಿ ಮನಸ್ಸು ಬದಲಿಸಲು ಅವಕಾಶವಿದೆ. ಹೆಂಡತಿಗೆ ಬಾಳಲು ಇಷ್ಟವಿಲ್ಲದಿದ್ದರೆ ಆಕೆಯೂ 'ಖುಲಾ' ಕೇಳಬಹುದು. ಇಷ್ಟನ್ನೆಲ್ಲ ಬದಿಗಿಟ್ಟು ಒಂದೇ ಉಸಿರಿನಲ್ಲಿ ಮೂರು ಸಲ ತಲಾಖ್ ಎಂದು ಸಂಸಾರ ಮುರಿಯುವ ಪದ್ಧತಿ ಬಲವಾಯಿತು. ಅದನ್ನು 'ಬಿದ್‌ಅತ್', ಅಂದರೆ ನಂತರ ಸೇರಿಕೊಂಡ ಕೆಟ್ಟ ರೂಢಿ, ಎಂದು ಧರ್ಮಶಾಸ್ತ್ರಜ್ಞರೇ ಕರೆಯುತ್ತಿದ್ದರು. ಪಾಪವೆಂದರು, ಆದರೆ ಸಿಂಧುವೆಂದರು. ಆ 'ಆದರೆ' ಎಂಬ ಒಂದು ಮಾತಿನಲ್ಲಿ ಎಷ್ಟು ಹೆಣ್ಣುಮಕ್ಕಳ ಬಾಳು ಹೋಯಿತೋ!

ಧರ್ಮಶಾಸ್ತ್ರ ಬದಲಾಗದು ಎನ್ನುವವರು 1939ರ ಕಥೆಯನ್ನು ತಿಳಿಯಬೇಕು. ಹನಫಿ ಪಂಥದ ಕಟ್ಟಳೆಯಂತೆ, ಓಡಿಹೋದ ಅಥವಾ ಹಿಂಸೆ ಕೊಡುವ ಗಂಡನಿಂದ ಬಿಡುಗಡೆ ಪಡೆಯಲು ಹೆಣ್ಣಿಗೆ ದಾರಿಯೇ ಇರಲಿಲ್ಲ. ಪಂಜಾಬಿನಲ್ಲಿ ಕೆಲವು ಹೆಣ್ಣುಮಕ್ಕಳು ಬೇರೆ ದಾರಿ ಕಾಣದೆ ಧರ್ಮವನ್ನೇ ಬಿಟ್ಟರು, ಧರ್ಮ ಬಿಟ್ಟರೆ ಮದುವೆ ತಾನಾಗಿ ಮುರಿಯುತ್ತಿತ್ತು. ಆಗ ಮೌಲಾನಾ ಅಶ್ರಫ್ ಅಲಿ ಥಾನವಿಯವರಂಥ ಸಂಪ್ರದಾಯನಿಷ್ಠ ವಿದ್ವಾಂಸರೇ ಕುಳಿತು ಯೋಚಿಸಿದರು. ಮಾಲಿಕಿ ಪಂಥದಲ್ಲಿ ಇಂಥ ಹೆಣ್ಣಿಗೆ ಬಿಡುಗಡೆಯುಂಟು, ಅದನ್ನು ತೆಗೆದುಕೊಳ್ಳಬಹುದು ಎಂದರು. ಅದರ ಆಧಾರದ ಮೇಲೆ 1939ರಲ್ಲಿ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ ಬಂತು. ಗಂಡ ನಾಲ್ಕು ವರ್ಷ ಪತ್ತೆಯಿಲ್ಲದಿದ್ದರೆ, ಎರಡು ವರ್ಷ ಅನ್ನಬಟ್ಟೆಗೆ ಕೊಡದಿದ್ದರೆ, ಏಳು ವರ್ಷದ ಸೆರೆಯಾದರೆ, ಕ್ರೂರವಾಗಿ ನಡೆಸಿಕೊಂಡರೆ ಹೆಂಡತಿ ನ್ಯಾಯಾಲಯದಿಂದ ಬಿಡುಗಡೆ ಪಡೆಯಬಹುದಾಯಿತು. ಹಿಂದೂ ಹೆಣ್ಣುಮಗಳಿಗೆ ದೇಶದಾದ್ಯಂತ ವಿಚ್ಛೇದನದ ಹಕ್ಕು ಬಂದದ್ದು 1955ರಲ್ಲಿ. ಅದಕ್ಕೆ 16 ವರ್ಷ ಮೊದಲೇ ಮುಸ್ಲಿಂ ಹೆಣ್ಣುಮಗಳಿಗೆ ಅದು ಸಿಕ್ಕಿತ್ತು.

ಅದಕ್ಕೂ ಎರಡು ವರ್ಷ ಹಿಂದೆ, 1937ರಲ್ಲಿ, ಶರೀಅತ್ ಅನ್ವಯ ಕಾಯ್ದೆ ಬಂದಿತ್ತು. ರೂಢಿಯ ಹೆಸರಿನಲ್ಲಿ ಹೆಣ್ಣುಮಕ್ಕಳ ಪಾಲು ನುಂಗಲಾಗುತ್ತಿದೆ ಎಂದು ಮುಸ್ಲಿಂ ಮಹಿಳಾ ಸಂಘಟನೆಗಳೂ ದನಿಯೆತ್ತಿದ್ದವು. ಆದರೆ ಆ ಕಾಯ್ದೆಯಿಂದ ವ್ಯವಸಾಯದ ಭೂಮಿಯನ್ನು ಹೊರಗಿಟ್ಟರು. ಹೊಲವೇ ಆಸ್ತಿಯಾಗಿರುವ ದೇಶದಲ್ಲಿ ಹೊಲವನ್ನೇ ಬಿಟ್ಟು ಹೆಣ್ಣಿಗೆ ಪಾಲು ಕೊಟ್ಟರು. ಮುಂದೆ ಮದ್ರಾಸಿನಂಥ ಕೆಲವು ಪ್ರಾಂತ್ಯಗಳು ಮಾತ್ರ ಅದನ್ನು ತಿದ್ದಿಕೊಂಡವು. ಭೂಮಿಯ ಮಾತು ಬಂದಾಗ ಜಮೀನ್ದಾರನ ಧರ್ಮ ಯಾವುದಾದರೇನು, ಜಾಣತನ ಒಂದೇ.

ಇನ್ನು ಶಾ ಬಾನೊ ಅವರ ಮೊಕದ್ದಮೆಯನ್ನು ನಮ್ಮ ಹಿರಿಯ ಓದುಗರು ಮರೆತಿರಲಾರರು. 1932ರಲ್ಲಿ ಇಂದೋರಿನ ವಕೀಲರೊಬ್ಬರನ್ನು ಮದುವೆಯಾದ ಆಕೆ ಐದು ಮಕ್ಕಳ ತಾಯಿ. 1975ರಲ್ಲಿ ಮನೆಯಿಂದ ಹೊರದಬ್ಬಿಸಿಕೊಂಡರು. ಜೀವನಾಂಶ ಕೇಳಿದಾಗ ಗಂಡ ತಲಾಖ್ ಕೊಟ್ಟ. ಕೆಳಗಿನ ನ್ಯಾಯಾಲಯ ತಿಂಗಳಿಗೆ 25 ರೂಪಾಯಿ ಕೊಡಿಸಿತು, ಹೈಕೋರ್ಟ್ ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ಅಷ್ಟನ್ನೂ ಕೊಡಲಾರೆನೆಂದು ಗಂಡ ಸುಪ್ರೀಂ ಕೋರ್ಟಿಗೆ ಹೋದ. 1985ರ ಏಪ್ರಿಲ್ 23ರಂದು ಐವರು ನ್ಯಾಯಮೂರ್ತಿಗಳ ಪೀಠ ಆಕೆಯ ಪರವಾಗಿ ತೀರ್ಪು ಕೊಟ್ಟಿತು. ದೇಶದಲ್ಲಿ ಎದ್ದ ಗದ್ದಲಕ್ಕೆ ಹೆದರಿದ ಸರ್ಕಾರ 1986ರಲ್ಲಿ ಹೊಸ ಕಾಯ್ದೆ ತಂದಿತು. ಎಲ್ಲ ಕಡೆಯಿಂದ ಒತ್ತಡ ಬಿದ್ದು ಆ ವೃದ್ಧೆ, ಗೆದ್ದ ಹಣವನ್ನು ತಾನೇ ಬೇಡವೆಂದರು. ಇದೂ ಒಂದು ಮಾಫಿಯೇ. ಕೇಳಿದವರು ಮಾತ್ರ ಈ ಸಲ ಗಂಡನ ಬಂಧುಗಳಲ್ಲ, ಇಡೀ ಸಮುದಾಯದ ಮುಖಂಡರು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆಕೆಯ ಪರ ವಾದಿಸಿದ್ದ ವಕೀಲ ಡ್ಯಾನಿಯಲ್ ಲತೀಫಿ ಆ ಕಾಯ್ದೆಯನ್ನೇ ಪ್ರಶ್ನಿಸಿದರು. 2001ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಉಳಿಸಿ, ಅದರ ಅರ್ಥವನ್ನು ಹೆಣ್ಣಿನ ಕಡೆಗೆ ತಿರುಗಿಸಿತು: ಇದ್ದತ್‌ನ ಅವಧಿಯೊಳಗೆ ಗಂಡ ಮಾಡಬೇಕಾದ ಏರ್ಪಾಡು ಆಕೆಯ ಮುಂದಿನ ಇಡೀ ಬದುಕಿಗೆ ಸಾಲುವಂತಿರಬೇಕು. 2017ರ ಆಗಸ್ಟ್ 22ರಂದು ಉತ್ತರಾಖಂಡದ ಶಾಯರಾ ಬಾನೊ ಅವರ ಮೊಕದ್ದಮೆಯಲ್ಲಿ ಒಂದೇ ಸಲದ ತ್ರಿವಳಿ ತಲಾಖ್ ಅಸಿಂಧುವಾಯಿತು. 2024ರ ಜುಲೈ 10ರಂದು ತೆಲಂಗಾಣದ ಮೊಕದ್ದಮೆಯೊಂದರಲ್ಲಿ, ದೇಶದ ಎಲ್ಲ ಹೆಣ್ಣುಮಕ್ಕಳಿಗೆ ಇರುವ ಜೀವನಾಂಶದ ಸಾಮಾನ್ಯ ಕಾನೂನು ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಉಂಟೆಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಆ ಪೀಠದಲ್ಲಿದ್ದ ಇಬ್ಬರಲ್ಲಿ ಒಬ್ಬರು ನಮ್ಮ ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಶಾ ಬಾನೊ ಕೈಯಿಂದ ಜಾರಿದ್ದು 39 ವರ್ಷಗಳ ನಂತರ ಮತ್ತೊಬ್ಬಳ ಕೈಗೆ ಬಂತು.

2019ರ ಕಾಯ್ದೆಯ ಬಗ್ಗೆ ನಮ್ಮ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ತ್ರಿವಳಿ ತಲಾಖ್ ಹೇಳಿದವನಿಗೆ ಮೂರು ವರ್ಷದವರೆಗೆ ಸೆರೆವಾಸ ಎಂದು ಅದು ಹೇಳುತ್ತದೆ. ತಲಾಖ್ ಅಸಿಂಧುವಾದದ್ದು ಸರಿ, ಅದನ್ನು ಮನಸಾರೆ ಸ್ವಾಗತಿಸುತ್ತೇವೆ. ಆದರೆ ದುಡಿಯುವ ಗಂಡ ಸೆರೆಯಲ್ಲಿದ್ದರೆ ಹೆಂಡತಿ ಮಕ್ಕಳಿಗೆ ಜೀವನಾಂಶ ಕೊಡುವವರು ಯಾರು? ಬೇರೆ ಯಾವ ಧರ್ಮದ ಗಂಡಸು ಹೆಂಡತಿಯನ್ನು ಬೀದಿಗೆ ಬಿಟ್ಟರೂ ಅದು ದಾವೆಯ ವಿಷಯ, ಒಂದು ಸಮುದಾಯದವನು ಬಿಟ್ಟರೆ ಮಾತ್ರ ಸೆರೆಮನೆಯ ವಿಷಯ ಎಂಬುದು ನ್ಯಾಯದ ತಕ್ಕಡಿಯನ್ನು ಓರೆ ಮಾಡುತ್ತದೆ. ಹೆಣ್ಣಿಗೆ ಬೇಕಾದದ್ದು ಗಂಡನ ಸೆರೆಯಲ್ಲ, ತನ್ನ ಮಹರ್, ತನ್ನ ಜೀವನಾಂಶ, ತಲೆಯ ಮೇಲೊಂದು ಸೂರು.

ಬೇರೆ ದೇಶಗಳ ಕಡೆಗೂ ಒಂದು ನೋಟ ಹರಿಸೋಣ. ಒಂದೇ ಸಲ ಮೂರು ಬಾರಿ ಹೇಳಿದ ತಲಾಖನ್ನು ಒಂದೆಂದೇ ಎಣಿಸಬೇಕೆಂದು ಈಜಿಪ್ಟ್ 1929ರಲ್ಲೇ ಕಾನೂನು ಮಾಡಿತು. ಟ್ಯುನೀಸಿಯಾ 1956ರಲ್ಲಿ ಬಹುಪತ್ನಿತ್ವವನ್ನು ನಿಷೇಧಿಸಿತು. ಪಾಕಿಸ್ತಾನ 1961ರಲ್ಲಿ ತಲಾಖ್‌ಗೆ ಲಿಖಿತ ನೋಟಿಸು ಮತ್ತು 90 ದಿನಗಳ ಕಾಯುವಿಕೆಯನ್ನು ಕಡ್ಡಾಯ ಮಾಡಿತು. ಮೊರಾಕೊ 2004ರಲ್ಲಿ ಹೆಣ್ಣಿನ ಮದುವೆಯ ವಯಸ್ಸನ್ನು 18ಕ್ಕೆ ಏರಿಸಿತು. ಇವೆಲ್ಲ ಇಸ್ಲಾಮಿನೊಳಗೇ ನಿಂತು ಮಾಡಿದ ಸುಧಾರಣೆಗಳು. ಅದೇ ಧರ್ಮದ ಹೆಸರಿನಲ್ಲಿ ಅಫ್ಘಾನಿಸ್ತಾನದ ಆಳುವವರು 2021ರಿಂದ ಹೆಣ್ಣುಮಕ್ಕಳ ಪ್ರೌಢಶಾಲೆಗೆ ಬೀಗ ಹಾಕಿದರು, 2022ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದ ಬಾಗಿಲನ್ನೂ ಮುಚ್ಚಿದರು. ಇದು ಶರೀಅತ್‌ಗೇ ವಿರುದ್ಧವೆಂದು ಕೈರೋದ ಅಲ್ ಅಜ್ಹರ್‌ನ ಮುಖ್ಯ ಇಮಾಮರು ಖಂಡಿಸಿದರು. ಗ್ರಂಥ ಒಂದೇ. ಅದನ್ನು ಹಿಡಿದ ಕೈಗಳು ಬೇರೆ ಬೇರೆ.

ಈ ಮಾತನ್ನು ಕನ್ನಡದಲ್ಲಿ ಮೊದಲು ಗಟ್ಟಿಯಾಗಿ ಹೇಳಿದವರು ನಮ್ಮ ಮುಸ್ಲಿಂ ಲೇಖಕಿಯರೇ. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬಾಳಿದ ಸಾರಾ ಅಬೂಬಕ್ಕರ್ 'ಚಂದ್ರಗಿರಿಯ ತೀರದಲ್ಲಿ' ಬರೆದರು. ತಂದೆಯ ಹಟ, ತಲಾಖ್‌ನ ಕಟ್ಟಳೆಗಳ ನಡುವೆ ಸಿಕ್ಕ ನಾದಿರಾಳನ್ನು ಓದಿದವರು ಮರೆಯಲಾರರು. ಹಾಸನದ ಬಾನು ಮುಷ್ತಾಕ್ ಅವರ 'ಕರಿನಾಗರಗಳು' ಕಥೆಯಲ್ಲಿ, ಹೆಣ್ಣನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದ ತಾಯಿ ಮಕ್ಕಳೊಂದಿಗೆ ಮಸೀದಿಯ ಬಾಗಿಲಲ್ಲಿ ಕುಳಿತು ನ್ಯಾಯ ಕೇಳುತ್ತಾಳೆ. ಆಕೆ ಕೇಳುವುದು ಹೊಸದನ್ನಲ್ಲ, ಧರ್ಮ ಆಗಲೇ ಕೊಟ್ಟದ್ದನ್ನು. ಕೊಡಿಸಬೇಕಾದ ಮುತವಲ್ಲಿಗೆ ಪುರಸೊತ್ತಿಲ್ಲ. ಗಿರೀಶ ಕಾಸರವಳ್ಳಿಯವರು ಇದನ್ನೇ 'ಹಸೀನಾ' ಚಿತ್ರವಾಗಿಸಿದರು. ಮಹಿಳೆಯರಿಗೂ ಮಸೀದಿ ಪ್ರವೇಶದ ಹಕ್ಕಿದೆ ಎಂದದ್ದಕ್ಕೆ ಬಾನು ಅವರು ತಮ್ಮವರಿಂದಲೇ ಬಹಿಷ್ಕಾರ ಅನುಭವಿಸಿದರು. 2025ರಲ್ಲಿ ದೀಪಾ ಭಸ್ತಿ ಅವರ ಅನುವಾದದ ಮೂಲಕ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಕನ್ನಡಕ್ಕೆ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಹೆಮ್ಮೆಯಲ್ಲಿ ಪಾಲು ಕೇಳುವವರು ಆ ಕಥೆಗಳು ಕೇಳುವ ಪ್ರಶ್ನೆಯಲ್ಲೂ ಪಾಲು ತೆಗೆದುಕೊಳ್ಳಬೇಕು.

ಹಾಗಾದರೆ ಆ ತಾಯಿಯ ಮಾತಿಗೆ ಬರೋಣ. ಹಿಂದೂ ಉತ್ತರಾಧಿಕಾರ ಕಾಯ್ದೆ ಲಿಂಗಾಯತರನ್ನೂ ಹೆಸರಿಸಿಯೇ ಅನ್ವಯಿಸುತ್ತದೆ. ಆಗಿನ್ನೂ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟು ಕರ್ನಾಟಕ 1994ರಲ್ಲೇ ಹೆಜ್ಜೆಯಿಟ್ಟಿತು. 2005ರಲ್ಲಿ ಇಡೀ ದೇಶದಲ್ಲಿ ಮದುವೆಯಾದ ಮಗಳಿಗೂ ಆ ಹಕ್ಕು ಬಂತು. ಅದು ಹುಟ್ಟಿನಿಂದಲೇ ಬರುವ ಹಕ್ಕು, 2005ರಲ್ಲಿ ತಂದೆ ಬದುಕಿರಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬರೆದದ್ದು ಇಷ್ಟು. ನಡೆಯುವುದೇನು? ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಒಂದು ಸೀರೆ, ಒಂದು ಊಟ, ಮುಗಿಯಿತು. ಒಪ್ಪದವಳಿಗೆ, "ಹೊಲ ಬೇಕೋ ತವರು ಬೇಕೋ?" ಎಂಬ ಪ್ರಶ್ನೆ. ಮುಂದಿನ ಪಂಚಮಿಗೆ ಕರೆಯಲು ಯಾರೂ ಬರುವುದಿಲ್ಲ. ಶವದ ಮುಂದೆ ಕೇಳುವ ಮಾಫಿಗೂ ಕಚೇರಿಯಲ್ಲಿ ಹಾಕಿಸುವ ಸಹಿಗೂ ಏನು ವ್ಯತ್ಯಾಸ? ಎರಡರಲ್ಲೂ ಹೆಣ್ಣು ತಾನಾಗಿಯೇ ಬಿಟ್ಟುಕೊಟ್ಟಳೆಂದು ದಾಖಲೆ ಹೇಳುತ್ತದೆ.

ಅಕ್ಕಮಹಾದೇವಿ, ಅಕ್ಕನಾಗಮ್ಮ, ಸತ್ಯಕ್ಕರ ಹೆಸರು ಹೇಳುವ ಸಮಾಜ ನಮ್ಮದು. ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ತಿದ್ದಿದ ಆಯ್ದಕ್ಕಿ ಲಕ್ಕಮ್ಮನನ್ನು ಜಯಂತಿಗಳಲ್ಲಿ ಕೊಂಡಾಡುತ್ತೇವೆ. ಮನೆಯ ಲಕ್ಕಮ್ಮ ಬಾಯಿಬಿಟ್ಟರೆ ಗದರಿಸುತ್ತೇವೆ. ಮಹಿಳೆಯರು ಪೀಠದಲ್ಲಿರುವ ನಮ್ಮ ಮಠಗಳೆಷ್ಟು ಎಂದರೆ ಬೆರಳುಗಳಲ್ಲಿ ಎಣಿಸಿ ಮುಗಿಸಬೇಕು. ಹೀಗಿರುವಾಗ ನೆರೆಮನೆಯ ಹೆಣ್ಣಿನ ಕಣ್ಣೀರನ್ನು ನಮ್ಮ ಹಿರಿಮೆಗೆ ಸಾಕ್ಷಿಯಾಗಿ ಬಳಸುವುದು ಶರಣರ ದಾರಿಯಲ್ಲ. "ಅದು ಅವರ ಒಳಗಿನ ವಿಷಯ, ನಮಗೇಕೆ?" ಎಂದು ಮುಖ ತಿರುಗಿಸುವುದೂ ಶರಣರ ದಾರಿಯಲ್ಲ. ಅನ್ಯಾಯಕ್ಕೆ ಒಳಗಾದವಳು ಯಾರ ಮಗಳೆಂದು ಕೇಳಿ ಆಮೇಲೆ ಮರುಗುವುದು ದಯೆಯಲ್ಲ.

ಆದ್ದರಿಂದ ಓದುಗರಲ್ಲಿ ಮೂರು ಬಿನ್ನಹಗಳು. ಮೊದಲನೆಯದು, ಈ ವರ್ಷ ನಿಮ್ಮ ಮನೆಯಲ್ಲಿ ಆಸ್ತಿ ಹಂಚಿಕೆ ಇದ್ದರೆ ಅಕ್ಕತಂಗಿಯರ ಪಾಲನ್ನು ಅವರ ಹೆಸರಿಗೆ ಖಾತೆ ಮಾಡಿಸಿರಿ. ಬಿಟ್ಟುಕೊಡುವ ಮಾತು ಅವರಿಂದ ಬಂದರೂ ಪಾಲು ಅವರ ಕೈಗೆ ಬಂದ ಮೇಲೆ ಬರಲಿ. ಎರಡನೆಯದು, ಮಠಗಳ ಶಿವಾನುಭವ ಗೋಷ್ಠಿಗಳಿಗೆ ಮುಸ್ಲಿಂ ಹೆಣ್ಣುಮಕ್ಕಳನ್ನೂ ಕರೆಯಿರಿ, ಅವರ ಬಗ್ಗೆ ಇನ್ನೊಬ್ಬರಿಂದ ಕೇಳುವ ಬದಲು ಅವರ ಬಾಯಿಂದಲೇ ಕೇಳಿರಿ. ಮೂರನೆಯದು, ನಿಮ್ಮ ಬೀದಿಯ ಬೂಬವ್ವ ಮಹರ್‌ಗೋ ಜೀವನಾಂಶಕ್ಕೋ ಅಲೆಯುತ್ತಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯವರೆಗೆ ಜೊತೆಗೆ ಹೋಗಿರಿ. ಅಲ್ಲಿ ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ.

ಗೋಷ್ಠಿಯಲ್ಲಿ ಪ್ರಶ್ನೆ ಕೇಳಿದ ಹಿರಿಯರು ಮೊನ್ನೆ ಮಠದ ಅಂಗಳದಲ್ಲಿ ಸಿಕ್ಕಿದ್ದರು. ಇಷ್ಟನ್ನೆಲ್ಲ ಅವರಿಗೂ ಹೇಳಿದೆವು. ಬಹಳ ಹೊತ್ತು ಸುಮ್ಮನಿದ್ದು, "ನನ್ನ ತಂಗಿ ಸಹಿ ಹಾಕಿ ಹನ್ನೆರಡು ವರ್ಷ ಆತ್ರಿ. ಆ ಪಾಲು ಈಗ ಹೊಳ್ಳಿ ಕೊಡಾಕ ಬರ್ತದೇನು?" ಎಂದು ಕೇಳಿದರು. ಕೊಡಲು ಬರುತ್ತದೆ. ಮನಸ್ಸಿದ್ದರೆ ಅದೇ ಕಚೇರಿಯಲ್ಲಿ ಇನ್ನೊಂದು ಪತ್ರ ಬರೆದರೆ ಆಯಿತು.